ತೊಳೆಯಬಾರದ ಮೈ

ಮಾ ಒಕ್‌ಸಿಮ್ ಮೂವತ್ತೊಂದು ವರ್ಷ ಬೇರೆಯವರ ಮೈ ಉಜ್ಜಿದವಳು. ಮಾಸಾನ್ ಬಂದರಿನ ಹಿಂದಿನ ಬೀದಿಯಲ್ಲಿದ್ದ ಸ್ನಾನಗೃಹದ ಹೆಂಗಸರ ವಿಭಾಗದಲ್ಲಿ ಗುಲಾಬಿ ಬಣ್ಣದ ಎರಡು ಪ್ಲಾಸ್ಟಿಕ್ ಹಾಸುಗಳಿದ್ದವು. ಕಿಟಕಿಯ ಕಡೆಯದು ಅವಳದು. ಬಿಸಿನೀರಿನ ತೊಟ್ಟಿಯಲ್ಲಿ ಅರ್ಧ ಗಂಟೆ ನೆನೆದು ಬಂದವರನ್ನು ಅದರ ಮೇಲೆ ಮಲಗಿಸಿ, ಒರಟು ಹಸಿರು ಬಟ್ಟೆಯ ಚೀಲವನ್ನು ಅಂಗೈಗೆ ಹಾಕಿಕೊಂಡು, ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಉಜ್ಜುತ್ತಿದ್ದಳು. ಕೊಳೆ ಬೂದುಬಣ್ಣದ ಎಳೆಗಳಾಗಿ ಸುರುಳಿಗಟ್ಟಿ ಬೀಳುತ್ತಿತ್ತು. ಒಂದು ಮಗ್ಗುಲು ಮುಗಿದಾಗ ಗಿರಾಕಿಯ ತೊಡೆಗೆ ಎರಡು ಸಲ ತಟ್ಟುವಳು. ಹೊರಳಿ ಎಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಕೊನೆಗೆ ಸೋಪು, ಆಮೇಲೆ ನೀರು, ಮತ್ತೆ ನೀರು. ಬೆರಳಿನಿಂದ ಎಳೆದರೆ ಚರ್ಮ ಕಿರ್ರೆನ್ನಬೇಕು, ಅಲ್ಲಿಯವರೆಗೆ ಅವಳು ಕೈಬಿಡುತ್ತಿರಲಿಲ್ಲ. ಮೈಮೇಲೆ ಅಂಟು ಉಳಿಸಿ ಕಳಿಸುವವಳನ್ನು ಆ ಕಸುಬಿನಲ್ಲಿ ಯಾರೂ ಎರಡನೆಯ ಸಲ ಕರೆಯುವುದಿಲ್ಲ.

ಅದಕ್ಕೆ ಮುಂಚೆ ಅವಳು ಪೂಸಾನಿನ ಚಪ್ಪಲಿ ಕಾರ್ಖಾನೆಯಲ್ಲಿ ಅಟ್ಟೆಗಳಿಗೆ ಗೋಂದು ಬಳಿಯುತ್ತಿದ್ದಳು. ಅವಳ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಗಂಡ ಪಿತ್ತಕೋಶದ ಕಾಯಿಲೆಯಿಂದ ತೀರಿಕೊಂಡ. ಐದನೆಯ ದಿನ ಅವಳು ಮತ್ತೆ ಸ್ನಾನಗೃಹಕ್ಕೆ ಬಂದಳು. ಗಿರಾಕಿಗಳಿಗೆ ಅವಳ ಕೈಯಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಅಳು ಬರಬಹುದೆಂದು ಕೆಲವು ವಾರ ಕಾದಳು, ಆಮೇಲೆ ಕಾಯುವುದನ್ನೂ ಬಿಟ್ಟಳು. ಮಹಾಮಾರಿಯ ವರ್ಷ ಸ್ನಾನಗೃಹ ಮುಚ್ಚಿತು, ಆ ಜಾಗ ಕಾರು ನಿಲ್ಲಿಸುವ ಬಯಲಾಯಿತು. ಅದನ್ನು ನೋಡಲು ಒಮ್ಮೆ ಹೋಗಿದ್ದಳು. ತನ್ನ ಹಾಸು ಎಲ್ಲಿದ್ದಿರಬಹುದೆಂದು ಅಂದಾಜು ಮಾಡಿ, ಅಲ್ಲಿ ನಿಂತಿದ್ದ ಬಿಳಿ ವ್ಯಾನನ್ನು ಸ್ವಲ್ಪ ಹೊತ್ತು ನೋಡಿ, ಬಸ್ಸು ಹತ್ತಿ ಮನೆಗೆ ಬಂದಳು.

ಆಮೇಲೆ ತರಬೇತಿ ಪಡೆದು ಆಸ್ಪತ್ರೆಗಳಲ್ಲಿ ರೋಗಿಗಳ ಆರೈಕೆಗೆ ನಿಂತಳು. ಆ ಊರಿನಲ್ಲಿ ಹಾಸಿಗೆ ಹಿಡಿದವರ ಪಕ್ಕದಲ್ಲಿ ಇಂಥ ಒಬ್ಬ ಹೆಂಗಸು ಇದ್ದೇ ಇರುತ್ತಾಳೆ. ರೋಗಿಯ ಮಂಚದ ಕೆಳಗಿನಿಂದ ಎಳೆಯುವ ತಗ್ಗು ಹಾಸಿಗೆಯಲ್ಲೇ ಮಲಗಿ, ತನ್ನ ಅನ್ನದ ಡಬ್ಬಿಗಳನ್ನು ವಾರ್ಡಿನ ಫ್ರಿಜ್ಜಿನಲ್ಲಿಟ್ಟುಕೊಂಡು, ವಾರಕ್ಕೊಮ್ಮೆ ಮನೆಗೆ ಹೋಗಿ ಬರುತ್ತಾಳೆ. ನರ್ಸುಗಳಿಗೆ ಬಿಡುವಿಲ್ಲದ ಕೆಲಸವೆಲ್ಲ ಅವಳದು: ಹೊರಳಿಸುವುದು, ತಿನ್ನಿಸುವುದು, ಒರೆಸುವುದು. ಅರವತ್ತೊಂದರ ಒಕ್‌ಸಿಮ್‌ಗೆ ಇದು ಹೊಸ ಕೆಲಸವೆನಿಸಲಿಲ್ಲ. ಹಾಸಿನ ಮೇಲೆ ಮಲಗುವವರು ಈಗ ಎದ್ದು ಹೋಗುತ್ತಿರಲಿಲ್ಲ, ಅಷ್ಟೇ.

ದಾಲ್‌ಸುನ್ ಆ ಸ್ನಾನಗೃಹದ ಹಳೆಯ ಗಿರಾಕಿ. ಬಂದರಿನಲ್ಲಿ ಒಣಮೀನು ಮಾರುತ್ತಿದ್ದವಳು, ಈಗ ಎಪ್ಪತ್ತೆಂಟು ವರ್ಷ. ಇಪ್ಪತ್ತು ವರ್ಷ ಪ್ರತಿ ಗುರುವಾರ ಒಕ್‌ಸಿಮ್‌ಳ ಹಾಸಿನ ಮೇಲೆ ಮಲಗಿದ್ದಳು. ಸೊಂಟದ ಕೀಲು ಸವೆದು ಹೊಸ ಕೀಲು ಹಾಕಿಸಿಕೊಂಡ ಮೂರು ತಿಂಗಳಿಗೆ ಅದರೊಳಗೆ ಕೀವು ತುಂಬಿತು. ಸಾಮಾನ್ಯ ಆಂಟಿಬಯೋಟಿಕ್‌ಗಳಿಗೆ ಬಗ್ಗದ ರೋಗಾಣು ಎಂದರು. ಮಾರ್ಚ್‌ನಲ್ಲಿ ಎಲುಬಿನ ಡಾಕ್ಟರು ಆ ಕೀಲನ್ನು ತೆಗೆದು, ಮದ್ದು ಬೆರೆಸಿದ ಸಿಮೆಂಟಿನ ತುಂಡೊಂದನ್ನು ತಾತ್ಕಾಲಿಕವಾಗಿ ಆ ಜಾಗದಲ್ಲಿಟ್ಟರು. ಆರೈಕೆಗೆ ಯಾರು ಬೇಕೆಂದು ಮಗಳು ಕೇಳಿದಾಗ ದಾಲ್‌ಸುನ್ ಹೇಳಿದ ಹೆಸರು ಒಂದೇ.

ಅವಳನ್ನು ಒಂಟಿ ಕೋಣೆಯಲ್ಲಿ ಇರಿಸಿದ್ದರು. ಬಾಗಿಲಿಗೆ ಕೆಂಪು ಚೀಟಿ. ಒಳಗೆ ಬರುವವರೆಲ್ಲ ಹಳದಿ ನಿಲುವಂಗಿ ಹಾಕಿಕೊಳ್ಳಬೇಕು, ಹೊರಡುವಾಗ ಬಿಚ್ಚಿ ಕೈ ತೊಳೆಯಬೇಕು. ರಕ್ತದಲ್ಲಿ ಈಗ ನಂಜಿರಲಿಲ್ಲ. ಆದರೆ ಅದೇ ರೋಗಾಣು ಮೂಗಿನಲ್ಲಿ, ಕಂಕುಳಲ್ಲಿ, ತೊಡೆಸಂದಿನಲ್ಲಿ ಸದ್ದಿಲ್ಲದೆ ಕುಳಿತಿತ್ತು. ಮೈ ಶುದ್ಧವಾಗದೆ ಎರಡನೆಯ ಕೀಲು ಹಾಕಿದರೆ ಅದೂ ಕೀವಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದಕ್ಕಾಗಿ ಐದು ದಿನ ಮೂಗಿಗೆ ಮುಲಾಮು, ಇಡೀ ಮೈಗೆ ಕ್ಲೋರ್‌ಹೆಕ್ಸಿಡಿನ್ ಎಂಬ ಮದ್ದಿನ ನೀರು. ಎರಡು ದಿನ ಬಿಟ್ಟು ಹತ್ತಿ ಸುತ್ತಿದ ಕಡ್ಡಿಯಿಂದ ಆ ಮೂರು ಜಾಗಗಳನ್ನು ಒರೆಸಿ ಪ್ರಯೋಗಾಲಯಕ್ಕೆ ಕಳಿಸುವುದು. ಕಡ್ಡಿಯಲ್ಲಿ ಏನೂ ಬೆಳೆಯದಿದ್ದರೆ ಕೀಲು. ಕೀಲು ಬಂದರೆ ದಾಲ್‌ಸುನ್ ನಡೆಯುತ್ತಾಳೆ.

ಮದ್ದಿನ ಬಟ್ಟೆಗಳ ಪೊಟ್ಟಣವನ್ನೂ ಒಂದು ಹಾಳೆಯನ್ನೂ ಕೊಡುತ್ತ ವಾರ್ಡಿನ ನರ್ಸು ಅವಸರದಲ್ಲಿ ಹೇಳಿದ್ದಳು: "ಕುತ್ತಿಗೆಯಿಂದ ಕೆಳಗೆ ಪೂರ್ತಿ ಒರೆಸಿ ಅಮ್ಮಾವ್ರೇ. ತಾನಾಗೇ ಒಣಗ್ಲಿ. ತೊಳಿಯೋದು ಬೇಡ."

ಒಕ್‌ಸಿಮ್ ತಲೆಯಾಡಿಸಿದಳು. ನರ್ಸುಗಳಿಗೆ ನೀರು ಹೊತ್ತು ತರಲು ಪುರುಸೊತ್ತಿಲ್ಲ, ಆದ್ದರಿಂದ ತೊಳೆಯುವುದು ಬೇಡ ಎನ್ನುತ್ತಾರೆ ಎಂದು ಅವಳು ತಿಳಿದಳು. ಅವಳಿಗೆ ಪುರುಸೊತ್ತಿತ್ತು.

ಬೆಳಗ್ಗೆ ಬಾರ್ಲಿ ಚಹಾ ಕುಡಿಸಿದ ಮೇಲೆ ಅವಳು ಮದ್ದಿನ ಬಟ್ಟೆಯಿಂದ ದಾಲ್‌ಸುನ್‌ಳ ಮೈಯೆಲ್ಲ ಒರೆಸುವಳು. ಹಾಳೆಯಲ್ಲಿ ಹೇಳಿದಂತೆಯೇ, ಒಂದೊಂದು ಅಂಗಕ್ಕೆ ಒಂದೊಂದು ಬಟ್ಟೆ. ಕೈಗವಸು ಹಾಕುತ್ತಿರಲಿಲ್ಲ, ಹಾಕಿದರೆ ಚರ್ಮ ಏನು ಹೇಳುತ್ತಿದೆಯೆಂದು ತಿಳಿಯುವುದಿಲ್ಲ ಎನ್ನುತ್ತಿದ್ದಳು. ಹತ್ತು ನಿಮಿಷಕ್ಕೆ ಮೈ ಒಣಗಿ ಅಂಟಂಟಾಗುತ್ತಿತ್ತು. ಆಗ ದಾಲ್‌ಸುನ್ ಶುರುಮಾಡುವಳು.

"ಲೇ ಒಕ್‌ಸಿಮ್, ನನ್ನನ್ನೇನು ಅಕ್ಕಿ ಉಂಡೆ ಮಾಡಿ ಬೆಲ್ಲದ ಪಾಕದಲ್ಲಿ ಅದ್ದಿದ್ದೀಯಾ? ಹೊದಿಕೆಯೆಲ್ಲ ಬೆನ್ನಿಗೆ ಅಂಟ್ತಾ ಇದೆ."

"ತಡಿ ಅಕ್ಕ, ನೀರು ಕಾಯ್ಲಿ."

"ಜೋರಾಗಿ ಉಜ್ಜು. ಮಗೂಗೆ ಪೌಡರ್ ಹಾಕ್ದಂಗೆ ಸವರಬೇಡ."

ಒಕ್‌ಸಿಮ್ ಬೇಸಿನ್ನಿನಲ್ಲಿ ಬಿಸಿನೀರು ತಂದು, ಸೋಪು ಹಚ್ಚಿ, ಹಸಿರು ಬಟ್ಟೆಯಿಂದ ಉಜ್ಜಿ ಮತ್ತೆ ನೀರಿನಲ್ಲಿ ಒರೆಸುವಳು. ಒಂದು ಮಗ್ಗುಲು ಮುಗಿದಾಗ ತೊಡೆಗೆ ಎರಡು ಸಲ ತಟ್ಟುವಳು. ದಾಲ್‌ಸುನ್‌ಗೆ ಹೊರಳಲು ಆಗುತ್ತಿರಲಿಲ್ಲ, ಆದರೂ ಭುಜ ಎತ್ತುತ್ತಿದ್ದಳು; ಉಳಿದದ್ದನ್ನು ಒಕ್‌ಸಿಮ್ ಎತ್ತುತ್ತಿದ್ದಳು. ಬಟ್ಟೆಯನ್ನು ಹಿಂಡಿ ಬಚ್ಚಲಿನ ಕೊಳಾಯಿಗೆ ನೇತುಹಾಕುವಳು. ಮಂಚದ ಕಾಲುದೆಸೆಯಲ್ಲಿದ್ದ ಹಾಳೆಯ ಐದು ಚೌಕಗಳಲ್ಲಿ ಅಂದಿನದಕ್ಕೆ ಗುರುತು ಹಾಕುವಳು. 'ಮದ್ದಿನಿಂದ ಒರೆಸಿದೆ' ಎಂದಷ್ಟೇ ಅಲ್ಲಿತ್ತು, ಆಮೇಲೆ ಏನಾಯಿತೆಂದು ಕೇಳುವ ಚೌಕ ಇರಲಿಲ್ಲ.

ಕಡ್ಡಿಯ ದಿನ ಅವಳು ಇನ್ನಷ್ಟು ಹೊತ್ತು ಉಜ್ಜಿದಳು. ತಪಾಸಣೆಗೆ ಬರುವವರ ಮುಂದೆ ತನ್ನ ಕೈಕೆಳಗಿನ ಮೈ ಕೊಳಕಾಗಿ ಕಾಣಬಾರದು. ನರ್ಸು ತೊಡೆಸಂದಿನಿಂದ ತೆಗೆದ ಕಡ್ಡಿ ಅಚ್ಚ ಬಿಳಿಯಾಗಿತ್ತು. ಒಕ್‌ಸಿಮ್ ಅದನ್ನು ಗಮನಿಸಿದಳು.

ಮೂರು ದಿನಕ್ಕೆ, ಏಪ್ರಿಲ್ ಕೊನೆಯಲ್ಲಿ, ಫಲಿತಾಂಶ ಬಂತು. ಮೂರೂ ಕಡ್ಡಿಗಳಲ್ಲಿ ರೋಗಾಣು ಬೆಳೆದಿತ್ತು.

ಮೇ ತಿಂಗಳ ನಡುವೆ ಎರಡನೆಯ ಸುತ್ತು ನಡೆಯಿತು. ಒಕ್‌ಸಿಮ್ ಈ ಸಲ ಉಗುರುಗಳ ಸಂದು, ಹೊಕ್ಕುಳ, ಕಾಲ್ಬೆರಳುಗಳ ನಡುವೆಯೂ ಬಿಡಲಿಲ್ಲ. ದಾಲ್‌ಸುನ್‌ಳ ಚರ್ಮ ಕೆಂಪಾಗಿ, ಅಲ್ಲಲ್ಲಿ ನವಿರಾಗಿ ತರಚಿತ್ತು. ಮೂಗಿನ ಕಡ್ಡಿಯಲ್ಲಿ ಏನೂ ಬೆಳೆಯಲಿಲ್ಲ. ಕಂಕುಳು, ತೊಡೆಸಂದು ಎರಡೂ ಮೊದಲಿಗಿಂತ ಕೆಟ್ಟಿದ್ದವು.

ಡಾಕ್ಟರು ಕೋಣೆಯ ಬಾಗಿಲಲ್ಲೇ ನಿಂತು ಮಾತಾಡಿದರು. "ಅಜ್ಜಿ, ಇನ್ನೊಂದು ಸಲ ನೋಡೋಣ. ಈ ಸಲವೂ ಆಗ್ಲಿಲ್ಲ ಅಂದ್ರೆ ಕೀಲು ಹಾಕದೆ ಹಾಗೇ ಬಿಡ್ತೀನಿ. ತೊಡೆ ಸ್ನಾಯು ದಿನಾ ಕರಗ್ತಾ ಇದೆ. ಇನ್ನೂ ತಡ ಆದ್ರೆ ಕೀಲು ಹಾಕಿದ್ರೂ ಹಿಡಿದು ನಿಲ್ಲಿಸೋಕೆ ಮಾಂಸ ಇರಲ್ಲ."

"ಹಾಕದೆ ಬಿಟ್ರೆ?"

"ಗಾಲಿ ಕುರ್ಚಿ."

"ನಮ್ಮನೆ ಮುಂದೆ ನಲವತ್ತು ಮೆಟ್ಲಿದೆ ಡಾಕ್ಟ್ರೇ," ಎಂದಳು ದಾಲ್‌ಸುನ್. "ಕುರ್ಚಿ ತಳ್ಕೊಂಡು ನೀವೇ ಬರ್ತೀರಾ?"

ಡಾಕ್ಟರು ನಕ್ಕರು. ಆ ದಿನ ದಾಲ್‌ಸುನ್ ಮಧ್ಯಾಹ್ನದ ಕಡಲಸೊಪ್ಪಿನ ಸಾರನ್ನು ಮುಟ್ಟಲಿಲ್ಲ. ಒಕ್‌ಸಿಮ್ ಅದನ್ನು ತಾನೇ ಕುಡಿದು ಬಟ್ಟಲು ತೊಳೆದಿಟ್ಟಳು.

ಆಸ್ಪತ್ರೆಯ ಸೋಂಕು ನಿಯಂತ್ರಣದ ಹೊಣೆ ನಾಮ್‌ಗುಂಗ್ ಎಂಬ ನರ್ಸಿನದು. ನಲವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು. ರೋಗಾಣು ಆಂಟಿಬಯೋಟಿಕ್‌ಗಳನ್ನು ಗೆದ್ದಂತೆ ಈ ಮದ್ದನ್ನೂ ಗೆದ್ದಿದೆಯೋ ಏನೋ ಎಂದು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದ್ದಳು. ಗೆದ್ದಿರಲಿಲ್ಲ, ಗಾಜಿನ ತಟ್ಟೆಯಲ್ಲಿ ಮದ್ದು ಅದನ್ನು ಸಲೀಸಾಗಿ ಕೊಲ್ಲುತ್ತಿತ್ತು. ಹಾಗಾದರೆ ಮೈಮೇಲೆ ಏಕೆ ಕೊಲ್ಲುತ್ತಿಲ್ಲ? ಅವಳು ಕೋಣೆಗೆ ಬಂದಳು.

"ಅಮ್ಮಾವ್ರೇ, ಸುತ್ತು ಮುಗಿದಿದ್ರೂ ನಾಳೆ ಬೆಳಗ್ಗೆ ಒಂದ್ಸಲ ಒರೆಸಿ, ನಾನು ನೋಡ್ಬೇಕು. ನಾನಿದ್ದೀನಿ ಅಂತ ಏನೂ ಬದಲಾಯಿಸ್ಬೇಡಿ. ದಿನಾ ಹೇಗೋ ಹಾಗೇ."

ಒಕ್‌ಸಿಮ್‌ಗೆ ಅಳುಕಾಗಲಿಲ್ಲ. ತನ್ನ ಕೆಲಸವನ್ನು ನಿಂತು ನೋಡಲು ಬಂದವರು ಇವಳೇ ಮೊದಲಲ್ಲ. ಸ್ನಾನಗೃಹದಲ್ಲಿ ಹೊಸದಾಗಿ ಕಸುಬಿಗೆ ಬರುವವರನ್ನು ಮೊದಲು ಅವಳ ಹಾಸಿನ ಪಕ್ಕದಲ್ಲೇ ನಿಲ್ಲಿಸುತ್ತಿದ್ದರು. ಮರುದಿನ ಅವಳು ಎಂದಿನಂತೆ ಒರೆಸಿದಳು. ನಾಮ್‌ಗುಂಗ್ ಗೋಡೆಗೆ ಒರಗಿ ನೋಡುತ್ತಿದ್ದಳು. ಕಿವಿಯ ಹಿಂದೆ, ಎದೆಯ ಕೆಳಗೆ, ಹೊಟ್ಟೆಯ ಮಡಿಕೆಗಳಲ್ಲಿ, ತೊಡೆಸಂದಿನಲ್ಲಿ ಒಂದು ಅಂಗುಲವೂ ತಪ್ಪಲಿಲ್ಲ.

"ಚೆನ್ನಾಗಿ ಮಾಡ್ತೀರಿ," ಎಂದಳು ನಾಮ್‌ಗುಂಗ್. ಅವಳ ದನಿಯಲ್ಲಿ ಒಗಟು ಇನ್ನೂ ಬಿಚ್ಚದವರ ಬೇಸರವಿತ್ತು.

"ಇನ್ನೂ ಮುಗಿದಿಲ್ಲ ಸಿಸ್ಟರ್," ಎಂದು ಒಕ್‌ಸಿಮ್ ಬಚ್ಚಲಿಗೆ ಹೋಗಿ ಬೇಸಿನ್, ಸೋಪು, ಹಸಿರು ಬಟ್ಟೆ ತಂದಳು.

ನಾಮ್‌ಗುಂಗ್ ಗೋಡೆಯಿಂದ ಬೆನ್ನು ತೆಗೆದಳು. "ಇದು ಯಾವಾಗಿಂದ?"

"ಮೊದಲಿಂದ್ಲೂ."

"ದಿನಾನೂ?"

"ದಿನಾನೂ. ಕಡ್ಡಿ ದಿನ ಇನ್ನೂ ಸ್ವಲ್ಪ ಜಾಸ್ತಿ."

"ತೊಳೀಬೇಡಿ ಅಂತ ಯಾರೂ ಹೇಳ್ಲಿಲ್ವಾ?"

"ಹೇಳಿದ್ರು. ಅಂಟು ಉಳಿಸಿ ಮಲಗ್ಸೋದು ಹೇಗೆ ಸಿಸ್ಟರ್?"

ದಾಲ್‌ಸುನ್ ಒಬ್ಬರಾದ ಮೇಲೊಬ್ಬರ ಮುಖ ನೋಡಿದಳು. "ಏನಾಯ್ತು? ನೀರು ಆರೋಗುತ್ತೆ, ಬೇಗ."

ನಾಮ್‌ಗುಂಗ್ ಒಕ್‌ಸಿಮ್‌ಳನ್ನು ಹೊರಗೆ ಕರೆದಳು. ಕಾರಿಡಾರಿನ ಕಿಟಕಿಯ ಬಳಿ ನಿಂತು, ತಗ್ಗಿದ ದನಿಯಲ್ಲಿ, ಏನನ್ನೂ ಬಿಡದೆ ಹೇಳಿದಳು. ಆ ಅಂಟೇ ಮದ್ದು. ಅದು ಚರ್ಮದ ಮೇಲೆ ಕುಳಿತು ಇಡೀ ದಿನ ಕೊಲ್ಲುತ್ತಿರುತ್ತದೆ, ಒರೆಸಿದ ಗಳಿಗೆಯಲ್ಲಿ ಮಾತ್ರವಲ್ಲ. ಸೋಪು ಬಿದ್ದರೆ ಅದರ ಶಕ್ತಿ ಹೋಗುತ್ತದೆ. ಉಜ್ಜಿದರೆ ಚರ್ಮ ತರಚಿ ರೋಗಾಣುವಿಗೆ ಮನೆಯಾಗುತ್ತದೆ. ಇನ್ನು ಆ ಒದ್ದೆ ಬಟ್ಟೆ: ದಿನವೂ ಒಂದು ಮಡಿಕೆಯಿಂದ ಇನ್ನೊಂದು ಮಡಿಕೆಗೆ, ನಿನ್ನೆಯಿಂದ ಇವತ್ತಿಗೆ ಅದನ್ನು ಹೊತ್ತು ತರುತ್ತಿರಬಹುದು.

ಒಕ್‌ಸಿಮ್ ಕೇಳಿಸಿಕೊಂಡಳು. ಕಿಟಕಿಯ ಆಚೆ ಬಂದರಿನ ಕ್ರೇನೊಂದು ಪೆಟ್ಟಿಗೆಯನ್ನು ಎತ್ತಿ, ತಿರುಗಿಸಿ, ಇಳಿಸುತ್ತಿತ್ತು. ಅದು ಪೂರ್ತಿ ಇಳಿಯುವವರೆಗೆ ನೋಡಿದಳು.

"ಹಾಗಾದ್ರೆ ಎರಡು ಸಲವೂ ನಾನೇ," ಎಂದಳು.

"ನಮ್ಮ ಹಾಳೆಯಲ್ಲಿ ತೊಳೀಬೇಡಿ ಅಂತ ಇದೆ, ಯಾಕೆ ಅಂತ ಇಲ್ಲ. ಅದು ನನ್ನ ತಪ್ಪು ಅಮ್ಮಾವ್ರೇ."

"ಬರೆದಿದ್ರೆ ಓದ್ತಿದ್ನೋ ಇಲ್ವೋ."

"ಕೈ ತೋರಿಸಿ."

ಒಕ್‌ಸಿಮ್ ಚಾಚಿದಳು. ಮೂವತ್ತೊಂದು ವರ್ಷದ ನೀರು ಆ ಬೆರಳುಗಳ ಗೆಣ್ಣುಗಳಲ್ಲಿ ಸಣ್ಣ ಬಿರುಕುಗಳನ್ನು ಮಾಡಿತ್ತು. ತುದಿಗಳು ಜಡವಾಗಿ ಎಷ್ಟೋ ಕಾಲವಾಗಿತ್ತು. ನಾಮ್‌ಗುಂಗ್ ಕಡ್ಡಿಯಿಂದ ಒರೆಸಿದ್ದು ಕಣ್ಣಿಗೆ ಕಂಡಿತೇ ಹೊರತು ಬೆರಳಿಗೆ ತಿಳಿಯಲಿಲ್ಲ. ಮತ್ತೊಂದು ಕಡ್ಡಿ ಹಸಿರು ಬಟ್ಟೆಗೆ.

ಎರಡರಲ್ಲೂ ಅದೇ ರೋಗಾಣು ಬೆಳೆಯಿತು.

ಒಕ್‌ಸಿಮ್ ಮನೆಗೆ ಹೋಗಬೇಕಾಯಿತು. ಕೈಗೆ ಮದ್ದು ಹಾಕಿಸಿಕೊಂಡು ಬರುತ್ತೇನೆಂದಷ್ಟೇ ದಾಲ್‌ಸುನ್‌ಗೆ ಹೇಳಿದಳು. ದಾಲ್‌ಸುನ್‌ಳ ತರಚು ಮಾಯುವವರೆಗೆ ಮೂರನೆಯ ಸುತ್ತು ಹಿಡಿಯುವಂತಿರಲಿಲ್ಲ. ಆ ಹತ್ತು ದಿನ ಬದಲಿ ಹೆಂಗಸೊಬ್ಬಳು ಬಂದಳು. ಒಕ್‌ಸಿಮ್‌ಗೂ ಐದು ದಿನದ ಮುಲಾಮು ಮತ್ತು ಮದ್ದಿನ ಬಟ್ಟೆ ಕೊಟ್ಟು ಕಳಿಸಿದರು.

ತನ್ನ ಒಂದು ಕೋಣೆಯ ಮನೆಯಲ್ಲಿ ಅವಳು ಬೆಳಗ್ಗೆ ತನ್ನ ಮೈಯನ್ನು ಒರೆಸಿಕೊಂಡು, ಒಣಗುವುದನ್ನು ಕಾಯುತ್ತ ನೆಲದ ಮೇಲೆ ಕುಳಿತಿರುವಳು. ಬೆನ್ನಿನ ನಡುಭಾಗಕ್ಕೆ ಕೈ ಎಟುಕುತ್ತಿರಲಿಲ್ಲ. ಅಡುಗೆಯ ಮರದ ಸೌಟಿಗೆ ಮದ್ದಿನ ಬಟ್ಟೆ ಸುತ್ತಿ ಒರೆಸಿಕೊಂಡಳು. ಇಷ್ಟು ವರ್ಷಗಳಲ್ಲಿ ತನ್ನ ಬೆನ್ನನ್ನು ಯಾರಿಂದಲೂ ಉಜ್ಜಿಸಿಕೊಂಡಿರಲಿಲ್ಲವೆಂದು ಆಗ ನೆನಪಾಯಿತು. ಅಂಗಿ ಮೈಗೆ ಅಂಟಿತು. ನಲ್ಲಿ ಮೂರು ಹೆಜ್ಜೆ ದೂರದಲ್ಲಿತ್ತು. ಅಂಟಿನಲ್ಲೇ ಅನ್ನ ಬೇಯಿಸಿದಳು, ಖಾರ ಹಾಕಿ ಹುಳಿಸಿದ ಮೂಲಂಗಿಯ ಕಿಮ್ಚಿಯೊಂದಿಗೆ ಉಂಡಳು, ಟಿ.ವಿ. ನೋಡಿದಳು. ತಪ್ಪು ಮಾಡಿದವರಿಗೆ ಎದೆ ಭಾರವಾಗುತ್ತದೆ ಎಂದು ಕೇಳಿದ್ದಳು. ಅವಳ ಎದೆಯಲ್ಲಿ ಭಾರವಿರಲಿಲ್ಲ, ಹಗುರವೂ ಇರಲಿಲ್ಲ. ಮೊದಲ ಫಲಿತಾಂಶ ಬಂದಂದಿನಿಂದ ಐದು ವಾರ, ಅಂದರೆ ಮೂವತ್ತೈದು ದಿನ ದಾಲ್‌ಸುನ್‌ಳ ತೊಡೆ ಕರಗಿದೆ ಎಂದು ಲೆಕ್ಕ ಹಾಕಿದಳು. ಲೆಕ್ಕ ಸರಿಯಾಗಿತ್ತು. ಅದರ ಮುಂದೆ ಮನಸ್ಸು ಸಾಗಲಿಲ್ಲ.

ಹನ್ನೊಂದನೆಯ ದಿನ ಅವಳ ಕೈ ಶುದ್ಧವೆಂದು ಬಂತು. ದಾಲ್‌ಸುನ್‌ಳ ಮಗಳು ಬೇರೆ ಯಾರಾದರೂ ಇರಲಿ ಎಂದಿದ್ದಳಂತೆ. ಬೇಡವೆಂದವಳು ನಾಮ್‌ಗುಂಗ್. "ಅಜ್ಜಿ ಮೈಯಲ್ಲಿ ಎಲ್ಲೆಲ್ಲಿ ಮಡಿಕೆ ಇದೆ ಅಂತ ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ," ಎಂದು ಒಕ್‌ಸಿಮ್‌ಳ ಕೈಗೆ ಕೈಗವಸುಗಳ ಡಬ್ಬಿ ಕೊಟ್ಟಳು. "ಒರೆಸೋದು ನಿಮ್ಮ ಥರಾನೇ. ಆಮೇಲೆ ಏನೂ ಮಾಡಬಾರದು. ಅಷ್ಟೇ."

ದಾಲ್‌ಸುನ್ ಸೊರಗಿದ್ದಳು. ಒಕ್‌ಸಿಮ್‌ಳನ್ನು ಕಂಡದ್ದೇ ಬದಲಿ ಹೆಂಗಸಿನ ಮೇಲೆ ದೂರು ಶುರುಮಾಡಿದಳು. "ಅವಳ ಕೈ ಕೈಯಲ್ಲ, ಒಣಗಿದ ಕಟ್ಲ್‌ಮೀನು. ಬೆನ್ನಿಗೆ ಬಟ್ಟೆ ಮುಟ್ಟಿಸಿ ಓಡೋದ್ಲು. ಬಾ, ನೀರು ಕಾಸು."

"ನೀರಿಲ್ಲ ಅಕ್ಕ."

"ನೀರಿಲ್ಲ ಅಂದ್ರೆ? ಆಸ್ಪತ್ರೆಗೆ ನೀರಿನ ಬರ ಬಂತಾ?"

ಒಕ್‌ಸಿಮ್ ಎರಡನೆಯ ಕೈಗವಸನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು. ಹೇಳದೆ ಇರಬಹುದಿತ್ತು. ಹೇಳದಿದ್ದರೆ ಐದು ದಿನ ಈ ಬಾಯಿಯನ್ನು ತಡೆಯುವುದು ತನ್ನಿಂದಾಗದು ಎಂದು ಅವಳಿಗೆ ಗೊತ್ತಿತ್ತು. ಯಾವುದೋ ಒಂದು ಬೆಳಗ್ಗೆ ಬೇಸಿನ್ ತಂದೇಬಿಡುತ್ತಿದ್ದಳು. ದಾಲ್‌ಸುನ್‌ಳ ಮುಖ ನೋಡದೆ ಎಲ್ಲವನ್ನೂ ಹೇಳಿದಳು. ತೊಳೆದದ್ದು, ಸೋಪು, ಬಟ್ಟೆ, ತನ್ನ ಬೆರಳಿನ ಬಿರುಕು.

ದಾಲ್‌ಸುನ್ ಚಾವಣಿ ನೋಡಿದಳು.

"ಅಂದ್ರೆ ನನ್ನನ್ನ ಹಾಸಿಗೆಗೆ ಅಂಟಿಸಿದ್ದು ನೀನು."

"ಹೌದು ಅಕ್ಕ."

"ಮದ್ದು ಅಂಟುತ್ತೆ ಅಂತ ತೊಳ್ದು, ನನ್ನನ್ನ ಅಂಟಿಸ್ದೆ."

"ಹೌದು."

"ಉಜ್ಜು ಅಂದವಳು ನಾನು. ಅದನ್ನ ಅವರಿಗೆ ಹೇಳಿದ್ಯಾ?"

"ಇಲ್ಲ."

"ಯಾಕೆ?"

"ಕೇಳ್ಲಿಲ್ಲ."

ದಾಲ್‌ಸುನ್ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಅಂದು ಒರೆಸುವಾಗ ಭುಜ ಎತ್ತಲಿಲ್ಲ. ಒಕ್‌ಸಿಮ್ ಇಡೀ ಭಾರವನ್ನು ತಾನೇ ಎತ್ತಿ ಹೊರಳಿಸಿದಳು. ಮರುದಿನವೂ ಹಾಗೇ. ಊಟಕ್ಕೆ ಬಾಯಿ ತೆರೆದಳು, ಮುಚ್ಚಿದಳು. ಮೂರನೆಯ ದಿನ ಬೆನ್ನಿಗೆ ಮದ್ದು ಹಚ್ಚುತ್ತಿದ್ದಾಗ ಗೋಡೆಯ ಕಡೆಯಿಂದಲೇ ದನಿ ಬಂತು.

"ಯಾರನ್ನಾದ್ರೂ ಬೈಬೇಕು ಅನ್ನಿಸ್ತಿದೆ. ನಿನ್ನನ್ನ ಬೈದು ಓಡಿಸಿದ್ರೆ ಆ ಕಟ್ಲ್‌ಮೀನು ಮತ್ತೆ ಬರ್ತಾಳೆ. ಮಗಳನ್ನ ಬೈದ್ರೆ ಅಳ್ತಾಳೆ. ನಾಳೆ ಡಾಕ್ಟ್ರು ಬರ್ಲಿ, ಅವರನ್ನೇ ಬೈತೀನಿ."

"ಅವರೇನು ಮಾಡಿದ್ರು ಅಕ್ಕ?"

"ಏನೂ ಮಾಡಿಲ್ಲ. ಅದಕ್ಕೇ ತಡ್ಕೋತಾರೆ."

ಒಕ್‌ಸಿಮ್ ಅವಳ ತೊಡೆಗೆ ಎರಡು ಸಲ ತಟ್ಟಿದಳು. ದಾಲ್‌ಸುನ್ ಭುಜ ಎತ್ತಿದಳು, ಸ್ವಲ್ಪವೇ.

ಉಳಿದ ದಿನಗಳು ಹಾಗೇ ಹೋದವು. ಒರೆಸಿದ ಮೇಲೆ ಒಕ್‌ಸಿಮ್ ಸ್ಟೂಲಿನ ಮೇಲೆ ಕುಳಿತು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುವಳು. ದಾಲ್‌ಸುನ್ ಬೈದಳು, ಕೆರೆತವೆಂದಳು, ಒಮ್ಮೆ ಹೊದಿಕೆಯನ್ನು ಎಳೆದು ನೆಲಕ್ಕೆ ಹಾಕಿದಳು. ಒಕ್‌ಸಿಮ್ ಹೊದಿಕೆ ಬದಲಾಯಿಸಿದಳು, ಬೇಸಿನ್ ತರಲಿಲ್ಲ. ಕಡ್ಡಿಯ ದಿನ ದಾಲ್‌ಸುನ್‌ಳ ತೊಡೆಸಂದಿನಿಂದ ಬಂದ ಹತ್ತಿ ಕೊಂಚ ಬೂದುಬಣ್ಣವಾಗಿತ್ತು. ಒಕ್‌ಸಿಮ್‌ಳ ಕಿವಿ ಬಿಸಿಯಾಯಿತು. ನಾಮ್‌ಗುಂಗ್ ಅದನ್ನು ಕೊಳವೆಗೆ ಹಾಕಿ ಮುಚ್ಚಳ ತಿರುಗಿಸಿ, "ಪರವಾಗಿಲ್ಲ," ಎಂದಳು.

ಮೂರೂ ಕಡ್ಡಿಗಳಲ್ಲಿ ಏನೂ ಬೆಳೆಯಲಿಲ್ಲ. ಸುದ್ದಿ ಹೇಳಲು ನಾಮ್‌ಗುಂಗ್ ತಾನೇ ಬಂದಳು. ದಾಲ್‌ಸುನ್ ಮಗಳಿಗೆ ಫೋನು ಮಾಡಿಸಿ ಅತ್ತಳು. ಒಕ್‌ಸಿಮ್ ಫೋನನ್ನು ಅವಳ ಕಿವಿಗೆ ಹಿಡಿದು ನಿಂತಿದ್ದಳು. ತೋಳು ಸೋತಾಗ ಕೈ ಬದಲಾಯಿಸಿದಳು.

ಜೂನ್ ಕೊನೆಯ ವಾರ ಹೊಸ ಕೀಲು ಹಾಕಿದರು. ಡಾಕ್ಟರು ಹೊರಗೆ ಬಂದು ಮಗಳಿಗೆ ಹೇಳಿದ್ದನ್ನು ಒಕ್‌ಸಿಮ್ ಕೇಳಿಸಿಕೊಂಡಳು: ಕೀಲು ಚೆನ್ನಾಗಿ ಕೂತಿದೆ, ಕೀವಿನ ಸುಳಿವಿಲ್ಲ. ಆದರೆ ಮಾಂಸ ಬಹಳ ಹೋಗಿದೆ. ಮೇ ತಿಂಗಳಲ್ಲೇ ಹಾಕಿದ್ದರೆ ಕೋಲು ಸಾಕಾಗುತ್ತಿತ್ತೇನೋ. ಇನ್ನು ನಡೆಯಲು ನಾಲ್ಕು ಕಾಲಿನ ಚೌಕಟ್ಟು ಬೇಕು, ಬಹುಶಃ ಕೊನೆಯವರೆಗೆ. ಮೆಟ್ಟಿಲು ಇನ್ನೊಬ್ಬರು ಹಿಡಿದುಕೊಂಡರೆ ಮಾತ್ರ. ಮಗಳು ಡಾಕ್ಟರಿಗೆ ವಂದಿಸಿದಳು. ತಿರುಗುವಾಗ ಒಕ್‌ಸಿಮ್‌ಳನ್ನು ನೋಡಿ, ಮುಂದೆ ಹೋದಳು.

ಮೂರನೆಯ ದಿನ ವ್ಯಾಯಾಮ ಮಾಡಿಸುವವನು ಚೌಕಟ್ಟು ತಂದು ದಾಲ್‌ಸುನ್‌ಳನ್ನು ಎಬ್ಬಿಸಿ ನಿಲ್ಲಿಸಿದ. ಬಿದ್ದರೆ ತಾನಿದ್ದೇನೆ, ನೀವು ಮುಟ್ಟಬೇಡಿ, ಮುಂದೆ ನಿಂತು ಕರೆಯಿರಿ ಎಂದು ಒಕ್‌ಸಿಮ್‌ಗೆ ಹೇಳಿದ. ಒಕ್‌ಸಿಮ್ ಎದುರಿಗೆ ನಿಂತು ಹಿಂದಕ್ಕೆ ಹೆಜ್ಜೆ ಇಡುತ್ತ ಹೋದಳು. ದಾಲ್‌ಸುನ್‌ಳ ಬಲಗಾಲು ನೆಲವನ್ನು ಗೀರಿಕೊಂಡು ಬರುತ್ತಿತ್ತು. ಕತ್ತಿನ ನರ ಉಬ್ಬಿತ್ತು.

"ಎಷ್ಟಾಯ್ತು?"

"ನಾಲ್ಕು, ಅಕ್ಕ."

"ಸುಳ್ಳು. ಆರು."

"ನಾಲ್ಕೇ."

ಏಳನೆಯ ಹೆಜ್ಜೆಗೆ ಬಾಗಿಲು ಸಿಕ್ಕಿತು. ದಾಲ್‌ಸುನ್ ಕಾರಿಡಾರಿನ ಉದ್ದಕ್ಕೂ ಕಣ್ಣು ಹಾಯಿಸಿ, "ನಮ್ಮನೆ ಮೆಟ್ಟಿಲಿಗೆ ಒಂದ್ಸಲಕ್ಕೆ ಎಷ್ಟು ಹೊತ್ತಾಗುತ್ತೆ ಹೀಗೆ?" ಎಂದು ಕೇಳಿದಳು.

"ನಾನು ಹಿಡ್ಕೊಂಡ್ರೆ ಅರ್ಧ ಗಂಟೆ."

"ಅಷ್ಟು ಹೊತ್ತು ನಿನ್ನ ಮುಖ ನೋಡ್ಬೇಕಾ?"

"ಬೆನ್ನು ನೋಡು ಅಕ್ಕ. ನಾನು ಮುಂದೆ ಹತ್ತೀನಿ."

ಇವತ್ತಿಗೆ ಸಾಕು ಎಂದ ವ್ಯಾಯಾಮದವನು. ಅವರು ಚೌಕಟ್ಟನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸಿದರು. ಮಂಚಕ್ಕೆ ಮರಳಲು ಒಂಬತ್ತು ಹೆಜ್ಜೆ ಬೇಕಾಯಿತು.